ಒಬ್ಬರ ಕೈಲಾಗದ ಲೆಕ್ಕ: ಬೆಳೆಗಾರರ, ಉದ್ಯಮಿಗಳ ಸಂಘಗಳು ಪರಿಸರದ ಕೆಲಸಕ್ಕೆ ಬರುವುದು ಹೇಗೆ?

ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ 3 ಎಕರೆ ಕಾಫಿ ತೋಟ ಇರುವವರಿಗೆ ಈಗ ಒಂದು ಹೊಸ ಪ್ರಶ್ನೆ ಎದುರಾಗಿದೆ. ನಿಮ್ಮ ತೋಟ ಎಲ್ಲಿದೆ? ಊರು, ಹೋಬಳಿ, ಸರ್ವೆ ನಂಬರ್ ಹೇಳಿದರೆ ಸಾಲದು. ಅಕ್ಷಾಂಶ, ರೇಖಾಂಶ ಬೇಕು. ಅದೂ ದಶಾಂಶ ಬಿಂದುವಿನ ನಂತರ ಆರು ಅಂಕಿ. ಸಕಲೇಶಪುರದ ಸುತ್ತಮುತ್ತಲಾದರೆ 12.9, 75.7 ಅಂತ ಶುರುವಾಗುವ ಉದ್ದನೆಯ ಸಂಖ್ಯೆಗಳು. ಆರನೇ ಅಂಕಿಗೆ ಬರುವಷ್ಟರಲ್ಲಿ ಒಂದು ಗೇಣಿಗಿಂತ ಕಡಿಮೆ ಜಾಗದ ಲೆಕ್ಕ ಅದು.

ಕೇಳುತ್ತಿರುವುದು ಯುರೋಪ್ ಒಕ್ಕೂಟ. ಕಾಡು ಕಡಿದ ಜಾಗದಲ್ಲಿ ಬೆಳೆದ ಮಾಲು ತನ್ನ ಮಾರುಕಟ್ಟೆಗೆ ಬರಬಾರದು ಎಂದು 2023ರಲ್ಲಿ ಅದು ಕಾನೂನು ಮಾಡಿತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳಕ್ಕೂ ಅದು ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿಯನ್ನು ಅಲ್ಲಿ ಮಾರುವ ಹಾಗಿಲ್ಲ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆವರೆಗಿನ ತೋಟಕ್ಕೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಇಡೀ ಗಡಿಯನ್ನೇ ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ಕಾನೂನು ಪಾಲಿಸಬೇಕಾದ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದೆ, ವಿವರಗಳು ಇನ್ನೂ ಬದಲಾಗುತ್ತಲೇ ಇವೆ. 2025ರಲ್ಲಿ ಭಾರತವನ್ನು ಅಪಾಯ ಕಡಿಮೆ ಇರುವ ದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ಹಾಗಂತ ಕಾಫಿ ಎಲ್ಲಿಂದ ಬಂತು ಎಂದು ಕೇಳುವುದೇನೂ ನಿಂತಿಲ್ಲ.

ಕಾನೂನಿನ ಪ್ರಕಾರ ಉತ್ತರ ಕೊಡಬೇಕಾದವರು ಯುರೋಪಿನ ಆಮದುದಾರರು. ಆದರೆ ಅವರು ಇಲ್ಲಿನ ರಫ್ತುದಾರರನ್ನು ಕೇಳುತ್ತಾರೆ. ರಫ್ತುದಾರರು ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನವರನ್ನು, ಅವರು ಊರಿನ ವ್ಯಾಪಾರಿಯನ್ನು, ವ್ಯಾಪಾರಿ ಬೆಳೆಗಾರರನ್ನು ಕೇಳುತ್ತಾರೆ. ಇಟಲಿಯಲ್ಲಿ ಹುಟ್ಟಿದ ಪ್ರಶ್ನೆ ಕೊನೆಗೆ 3 ಎಕರೆಯವರ ಕಣಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಸಣ್ಣವರು ಒಬ್ಬರೇ ಇದಕ್ಕೆ ಉತ್ತರ ಹೊಂದಿಸುವುದು ಕಷ್ಟ. ವ್ಯಾಪಾರಿಗಳ, ಬೆಳೆಗಾರರ, ಉದ್ಯಮಿಗಳ ಸಂಘಗಳು ಪರಿಸರದ ವಿಷಯದಲ್ಲಿ ನಿಜವಾಗಿ ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಮಲೆನಾಡಿನಲ್ಲಿ ಸಿಗುವುದಿಲ್ಲ.

ಮಾಲು ಬೆರೆಯುವ ಜಾಗ

ತೊಂದರೆ ಎಲ್ಲಿದೆ ಅಂತ ನೋಡಬೇಕಾದರೆ ಕುಯ್ಲು ಮುಗಿಯುವ ಹೊತ್ತಿಗೆ ಯಾವುದಾದರೂ ಕಾಫಿ ವ್ಯಾಪಾರಿಯ ಅಂಗಡಿಗೆ ಹೋಗಬೇಕು. ಪಿಕಪ್‌ನಲ್ಲಿ ಚೀಲ ಬರುತ್ತವೆ. ವ್ಯಾಪಾರಿ ಒಂದು ಹಿಡಿ ಚೆರಿ, ಅಂದರೆ ಒಣಗಿದ ಕಾಫಿ ಹಣ್ಣು, ತೆಗೆದು ಒಡೆದು ನೋಡುತ್ತಾರೆ, ತೇವಾಂಶ ಅಳೆಯುತ್ತಾರೆ, ಓಟಿ, ಅಂದರೆ ಚೀಲದಿಂದ ಸಿಗುವ ಬೀಜದ ತೂಕ, ಎಷ್ಟು ಬರಬಹುದು ಅಂತ ಲೆಕ್ಕ ಹಾಕುತ್ತಾರೆ. ತೂಕ ಆಗುತ್ತದೆ, ಚೀಟಿ ಬರೆಯುತ್ತಾರೆ, ಹಣ ಕೊಡುತ್ತಾರೆ. ಆಮೇಲೆ ಆ ಚೀಲ ಹತ್ತಿರದ ರಾಶಿಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಆ ರಾಶಿಯಲ್ಲಿ ಯಾರ ತೋಟದ ಕಾಫಿ ಎಷ್ಟಿದೆ ಅಂತ ದೇವರೇ ಹೇಳಬೇಕು.

ಇದರಲ್ಲಿ ಮೋಸ ಏನೂ ಇಲ್ಲ. ಮಾರುಕಟ್ಟೆ ನಡೆದು ಬಂದ ರೀತಿಯೇ ಹಾಗೆ. 1990ರ ದಶಕದ ಮಧ್ಯದವರೆಗೆ ಪೂಲ್ ವ್ಯವಸ್ಥೆ ಇತ್ತು. ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿಗೆ ಕೊಡಬೇಕಿತ್ತು, ಬೋರ್ಡೇ ಮಾರುತ್ತಿತ್ತು. ಎಲ್ಲರ ಕಾಫಿಯೂ ಒಂದೇ ಕೊಳಕ್ಕೆ. ಯಾವ ತೋಟದ್ದು ಎಂದು ಕೊನೆಯವರೆಗೆ ನೆನಪಿಡುವ ಅಗತ್ಯ ಯಾರಿಗೂ ಇರಲಿಲ್ಲ. ಆಮೇಲೆ ಮುಕ್ತ ಮಾರುಕಟ್ಟೆ ಬಂತು. ಬೆಲೆಯ ಸ್ವಾತಂತ್ರ್ಯ ಸಿಕ್ಕಿತು. ಆದರೆ ಗುರುತಿನ ಲೆಕ್ಕ ಇಡುವ ಅಭ್ಯಾಸ ಆಗಲೂ ಹುಟ್ಟಲಿಲ್ಲ. ಹೊಸ ಕಾನೂನಿನಲ್ಲಿ ಗುರುತು ಇರುವ ಮಾಲನ್ನು ಗುರುತಿಲ್ಲದ ಮಾಲಿನ ಜೊತೆ ಬೆರೆಸುವ ಹಾಗಿಲ್ಲ. ಬೆರೆಸಿದರೆ ಇಡೀ ರಾಶಿಯೇ ಯುರೋಪಿಗೆ ಹೋಗುವುದಿಲ್ಲ.

ನಮ್ಮ ಸಣ್ಣ ಬೆಳೆಗಾರರ ತೋಟಗಳಲ್ಲಿ ಕಾಡು ಕಡಿದ ಪ್ರಶ್ನೆ ಬಹುತೇಕ ಏಳುವುದೇ ಇಲ್ಲ. ಹಲಸು, ಅತ್ತಿ, ನೇರಳೆ, ಬೈನೆ, ಸಿಲ್ವರ್ ಓಕ್ ನೆರಳಿನಲ್ಲಿ ಅಜ್ಜನ ಕಾಲದಿಂದ ಬೆಳೆದ ಕಾಫಿ ಅದು. ಅಂದರೆ ಒಳ್ಳೆಯ ಕೆಲಸ ಆಗಲೇ ಆಗಿದೆ. ಇಲ್ಲದಿರುವುದು ಅದರ ಸಾಕ್ಷಿ. ಸುಸ್ಥಿರತೆ ಎಂದು ಎಲ್ಲರೂ ಮಾತಾಡುವ ವಿಷಯದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೀಗೆ ಸಾಕ್ಷಿ ಹೊಂದಿಸುವ ಕೆಲಸವೇ ಅಂತ ನನಗೆ ಅನ್ನಿಸುತ್ತದೆ. ಸಾಕ್ಷಿಗೆ ಖರ್ಚಿದೆ. ಆ ಖರ್ಚು 3 ಎಕರೆಗೂ 300 ಎಕರೆಗೂ ಹೆಚ್ಚು ಕಡಿಮೆ ಒಂದೇ. 300 ಎಕರೆಯವರು ರೈಟರನ್ನೋ ಮ್ಯಾನೇಜರನ್ನೋ ಇದಕ್ಕೆ ಕೂರಿಸುತ್ತಾರೆ. 3 ಎಕರೆಯವರು ಯಾರನ್ನು ಕೂರಿಸುವುದು?

ಸಂಘ ಹಂಚುವುದು ಖರ್ಚನ್ನು

ಸಂಘ ಎಂಬುದು ಇಲ್ಲಿ ಹೊಸದಲ್ಲ. ದಕ್ಷಿಣ ಭಾರತದ ಪ್ಲಾಂಟರ್‌ಗಳ ಒಕ್ಕೂಟ ಉಪಾಸಿ ಹುಟ್ಟಿದ್ದು 1893ರಲ್ಲಿ. ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ ಇದೆ, ಕರ್ನಾಟಕ ಬೆಳೆಗಾರರ ಒಕ್ಕೂಟ ಇದೆ, ಕೆಳಗೆ ಜಿಲ್ಲೆ, ತಾಲ್ಲೂಕು, ಹೋಬಳಿ ಮಟ್ಟದ ಸಂಘಗಳಿವೆ. ಇವು ಹಿಂದೆ ಮುಖ್ಯವಾಗಿ ಬೆಲೆ, ಸಾಲ, ಕೂಲಿ, ಆನೆ ಹಾವಳಿಯ ಬಗ್ಗೆ ಮಾತಾಡುತ್ತಿದ್ದವು. ಈಗ ಪರಿಸರದ ನಿಯಮಗಳೂ ಸೇರಿಕೊಂಡಿವೆ.

ಮೊದಲ ಕೆಲಸ ಬಹಳ ಸಾದಾ. ನಿಯಮವನ್ನು ಓದಿ, ಇದರಲ್ಲಿ ನೀವು ಮಾಡಬೇಕಾದದ್ದು ಇಷ್ಟೇ ಎಂದು ಹೇಳುವುದು. ಯುರೋಪಿನ ಕಾನೂನನ್ನು ಕೂತು ಓದುವ ಬೆಳೆಗಾರರು ಎಷ್ಟು ಜನ ಇದ್ದಾರು? ಕಾಫಿ ಬೋರ್ಡ್ ಮೊಬೈಲ್ ಆಪ್ ಮೂಲಕ ಬೆಳೆಗಾರರ ನೋಂದಣಿ ಮಾಡಿಸುತ್ತಿದೆ. ಆಪ್ ಇದ್ದ ಮಾತ್ರಕ್ಕೆ ನೋಂದಣಿ ಆಗಿಬಿಡುವುದಿಲ್ಲ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ಅಣ್ಣ ತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ, ಪೋಡಿ ಆಗಿರುವುದಿಲ್ಲ. ಕೆಲವರ ತೋಟದ ಅಂಚಿನಲ್ಲಿ ಒತ್ತುವರಿ ಜಮೀನೂ ಸೇರಿರುತ್ತದೆ. ಕಾನೂನು ಜಮೀನಿನ ಹಕ್ಕನ್ನೂ ಕೇಳುವುದರಿಂದ ಇದು ಸಣ್ಣ ವಿಷಯವಲ್ಲ. ಇಂಥ ಗಂಟುಗಳನ್ನು ಬೆಂಗಳೂರಿನಿಂದ ಬಂದವರು ಬಿಡಿಸುವುದಕ್ಕಿಂತ, ನಾಡಕಚೇರಿಗೆ ದಿನಾ ಓಡಾಡುವ ಸಂಘದ ಕಾರ್ಯದರ್ಶಿ ಬೇಗ ಬಿಡಿಸುತ್ತಾರೆ.

ಎರಡನೆಯದು ತಪಾಸಣೆ. ಪರಿಸರವನ್ನೂ ಕಾರ್ಮಿಕರನ್ನೂ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಹೇಳುವ ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರ ಬೇಕು ಎಂದರೆ ಹೊರಗಿನ ತಪಾಸಣೆಗಾರರು ಬಂದು ನೋಡಬೇಕು. ಅವರ ದಿನದ ಫೀಸು, ಓಡಾಟ, ವಸತಿ ಎಲ್ಲ ನಮ್ಮದೇ. ಒಂದು ಸಣ್ಣ ತೋಟಕ್ಕೆ ಅದು ಖಂಡಿತ ಗಿಟ್ಟುವುದಿಲ್ಲ. ಆದ್ದರಿಂದ ಗುಂಪು ಪ್ರಮಾಣಪತ್ರ ಎಂಬ ದಾರಿ ಮಾಡಿದ್ದಾರೆ. 400 ಜನ ಬೆಳೆಗಾರರು ಒಂದು ಗುಂಪಾದರು ಅಂದುಕೊಳ್ಳಿ. ಗುಂಪಿಗೆ ಒಬ್ಬ ನಿರ್ವಾಹಕರು ಇರಬೇಕು, ಗುಂಪಿನವರೇ ಆದ ಒಳಗಿನ ತಪಾಸಣೆಗಾರರು ಇರಬೇಕು. ಅವರು 400 ತೋಟಗಳಿಗೂ ಹೋಗಿ ಬರೆದುಕೊಳ್ಳುತ್ತಾರೆ. ಯಾವ ಔಷಧಿ ಹೊಡೆದರು, ಯಾವಾಗ, ಹೊಡೆಯುವಾಗ ಮುಖಕ್ಕೆ ಮಾಸ್ಕ್ ಇತ್ತೇ, ಖಾಲಿ ಡಬ್ಬ ಎಲ್ಲಿ ಹಾಕಿದರು, ಕಾರ್ಮಿಕರ ಲೈನ್ ಮನೆಗಳಲ್ಲಿ ಕುಡಿಯುವ ನೀರು ಶೌಚಾಲಯ ಹೇಗಿವೆ, ಕೂಲಿ ಎಷ್ಟು ಕೊಟ್ಟರು. ಹೊರಗಿನವರು ಬಂದಾಗ ಎಲ್ಲ ತೋಟ ನೋಡುವುದಿಲ್ಲ. ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ತೋಟಗಳನ್ನಾದರೂ ನೋಡಬೇಕು ಎಂಬ ಲೆಕ್ಕ ಇಟ್ಟುಕೊಳ್ಳುತ್ತಾರೆ. 400ಕ್ಕೆ 20. ಅಪಾಯ ಜಾಸ್ತಿ ಅನ್ನಿಸಿದರೆ ಇನ್ನೂ ಹೆಚ್ಚು. ಯಾವ 20 ಅಂತ ಆರಿಸುವುದು ಅವರು, ನಾವಲ್ಲ.

ಒಳಗಿನವರ ಪುಸ್ತಕದಲ್ಲಿ ಬರೆದದ್ದೇ ಒಂದು, ತೋಟದಲ್ಲಿ ಕಂಡದ್ದೇ ಒಂದು ಎಂದಾದರೆ ತೊಂದರೆ ಆ ತೋಟದವರಿಗೆ ಮಾತ್ರ ಅಲ್ಲ. ಇಡೀ ಗುಂಪಿನ ಪ್ರಮಾಣಪತ್ರಕ್ಕೇ ಕುತ್ತು. ಹಾಗಾಗಿ ಪಕ್ಕದ ತೋಟದವರು ನಿಷೇಧಿತ ಔಷಧಿ ತಂದಿಟ್ಟುಕೊಂಡರೆ ಇವರಿಗೆ ನಿದ್ದೆ ಬರುವುದಿಲ್ಲ. ಹಾಸನದ ಕಡೆಯವರಿಗೆ ಇದು ಹೊಸದೇನೂ ಅನ್ನಿಸಬೇಕಿಲ್ಲ. ಊರಿನ ಡೇರಿಯಲ್ಲಿ ಬೆಳಿಗ್ಗೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಹೋಗುತ್ತದೆ. ಒಬ್ಬರು ನೀರು ಬೆರೆಸಿದರೆ ಎಲ್ಲರ ಹಾಲಿನ ದರ್ಜೆಯೂ ಇಳಿಯುತ್ತದೆ. ಅದಕ್ಕೇ ಕ್ಯಾನಿಗೆ ಸುರಿಯುವ ಮೊದಲೇ ಪ್ರತಿಯೊಬ್ಬರ ಹಾಲಿನ ಫ್ಯಾಟ್ ನೋಡುವುದು. ಗುಂಪು ಪ್ರಮಾಣಪತ್ರವೂ ಅದೇ ಉಪಾಯದ ಮೇಲೆ ನಿಂತಿದೆ.

ಬೇಲಿ ದಾಟುವ ಹುಳ, ಬೇಲಿ ದಾಟುವ ನೀರು

ಕಾಗದದ ಮಾತು ಸಾಕು. ಸಂಘವಿಲ್ಲದೆ ಆಗುವುದೇ ಇಲ್ಲ ಎನ್ನುವ ಕೆಲಸಗಳೂ ತೋಟದಲ್ಲಿವೆ.

ಅರೇಬಿಕಾ ಜಾತಿಯ ಕಾಫಿ ಬೆಳೆದವರಿಗೆ ಬಿಳಿ ಕಾಂಡಕೊರಕದ ಹೆಸರು ಹೇಳಿದರೆ ಸಾಕು. ದುಂಬಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆಯುತ್ತಾ ಹೋಗುತ್ತದೆ. ಗಿಡ ಹಳದಿಯಾಗಿ ಸೊರಗುವವರೆಗೆ ಹೊರಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಏಪ್ರಿಲ್ ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ದುಂಬಿ ಹಾರುತ್ತದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1925ರಲ್ಲಿ. ಅಲ್ಲಿನವರು ಹೇಳುತ್ತಾ ಬಂದ ಮದ್ದು ಇದು: ಹಾರಾಟ ಶುರುವಾಗುವ ಮೊದಲೇ ಹುಳ ಹಿಡಿದ ಗಿಡ ಕಿತ್ತು ಸುಡಬೇಕು, ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯಬೇಕು, ನೆರಳು ಚೆನ್ನಾಗಿರಬೇಕು. ಬಿಸಿಲು ಬೀಳುವ ಗಿಡವೆಂದರೆ ಈ ದುಂಬಿಗೆ ಬಲು ಇಷ್ಟ. ಮರ ಉಳಿಸಿಕೊಂಡ ತೋಟಕ್ಕೆ ಇದರಲ್ಲೇ ಅರ್ಧ ರಕ್ಷಣೆ ಸಿಗುತ್ತದೆ.

ಈಗ ನೀವು ಇಷ್ಟೆಲ್ಲ ಮಾಡಿ, ಪಕ್ಕದವರು ಬೆಂಗಳೂರಿನಲ್ಲಿದ್ದು ತೋಟ ನೋಡದೇ ಬಿಟ್ಟರೆ? ಅವರ ಗಿಡದ ದುಂಬಿ ನಿಮ್ಮ ತೋಟಕ್ಕೆ ಹಾರಿ ಬರುತ್ತದೆ. ಆಗ ಮಾಡಿದವರಿಗೇ ನಷ್ಟ ಅನ್ನಿಸಿ ಮುಂದಿನ ವರ್ಷ ನೀವೂ ಕೈಬಿಡುತ್ತೀರಿ. ಒಂದು ಹೋಬಳಿಯವರೆಲ್ಲ ಒಂದೇ ವಾರದಲ್ಲಿ ಗಿಡ ಕಿತ್ತರೆ ಮಾತ್ರ ಇದು ಫಲ ಕೊಡುವುದು. ಆ ವಾರ ಯಾವುದು ಅಂತ ಗೊತ್ತುಮಾಡಿ, ಬಾರದವರ ಮನೆಗೆ ಹೋಗಿ ಹೇಳಿ, ತೋಟ ಬಿಟ್ಟು ಹೋದವರಿಗೆ ಫೋನ್ ಮಾಡುವವರು ಬೇಕು. ಸರ್ಕಾರಿ ಸುತ್ತೋಲೆ ಆ ಕೆಲಸ ಮಾಡುವುದಿಲ್ಲ.

ನೀರಿನದು ಇನ್ನೂ ಸೂಕ್ಷ್ಮ. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಸುಲಿದು, ಲೋಳೆ ತೊಳೆದು ಪಾರ್ಚ್‌ಮೆಂಟ್, ಅಂದರೆ ತೆಳು ಹೊಟ್ಟಿನ ಬೀಜ, ಮಾಡುವಾಗ ಬರುವ ನೀರು ಕಂದು ಬಣ್ಣದ್ದು, ಹುಳಿ ವಾಸನೆಯದ್ದು. ಅದರಲ್ಲಿ ಸಕ್ಕರೆ ಅಂಶ ತುಂಬಾ ಇರುತ್ತದೆ. ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು ಸಾಯುತ್ತವೆ. ಕುಯ್ಲು ನಡೆಯುವುದು ಮಳೆ ನಿಂತ ಮೇಲೆ, ಹಳ್ಳದಲ್ಲಿ ನೀರು ಕಡಿಮೆ ಇರುವಾಗ. ಆದ್ದರಿಂದ ಕೆಡುಕು ಇನ್ನೂ ಹೆಚ್ಚು. ಆ ಹಳ್ಳಗಳೇ ಮುಂದೆ ಹೇಮಾವತಿಗೋ ಭದ್ರೆಗೋ ಸೇರುವುದು. ಕೆಳಗಿನ ಊರಿನವರು ಕುಡಿಯುವುದೂ ಅದನ್ನೇ.

ಪರಿಹಾರ ಎಲ್ಲರಿಗೂ ಗೊತ್ತು. ಸುಣ್ಣ ಹಾಕಿ ಹುಳಿ ಇಳಿಸಿ, ತೊಟ್ಟಿಗಳಲ್ಲಿ ನಿಲ್ಲಿಸಿ, ಹೊರಗೆ ಬಿಡದೆ ತೋಟಕ್ಕೇ ಬಳಸಬೇಕು. ಅಥವಾ ನೀರು ಕಡಿಮೆ ಕುಡಿಯುವ ಇಕೋ ಪಲ್ಪರ್ ಹಾಕಬೇಕು. ಯಂತ್ರವೇ ಲೋಳೆ ಉಜ್ಜಿ ತೆಗೆಯುವುದರಿಂದ ಅದರಲ್ಲಿ ತೊಳೆಯುವ ನೀರು ಬಹಳ ಉಳಿಯುತ್ತದೆ. ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು, ವರ್ಷದಲ್ಲಿ ಓಡುವುದು ಕೆಲವೇ ವಾರ. ಐದಾರು ಜನ ಸೇರಿ ಒಂದು ಪಲ್ಪಿಂಗ್ ಘಟಕ ಮಾಡಿದರೆ ಲೆಕ್ಕ ಕೂಡುತ್ತದೆ. ಆದರೆ ಎಲ್ಲರ ಹಣ್ಣೂ ಒಂದೇ ವಾರ ಕೆಂಪಾಗುತ್ತದೆ, ಅಲ್ವಾ? ಕುಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕು. ಸರದಿ ಯಾರದು ಎಂಬ ಜಗಳ ಶುರುವಾಗುವುದು ಅಲ್ಲಿ. ಆ ಜಗಳ ಬಗೆಹರಿಸುವ ನಿಯಮ ಮೊದಲೇ ಬರೆದಿಟ್ಟ ಗುಂಪು ಉಳಿಯುತ್ತದೆ. ಉಳಿದವರ ಯಂತ್ರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ.

ಹಾಸನದ ಕಾರ್ಖಾನೆಗೂ ಅದೇ ಪ್ರಶ್ನೆ

ಕಾಫಿ ಬಿಟ್ಟು ಹಾಸನದ ಕೈಗಾರಿಕಾ ಪ್ರದೇಶಕ್ಕೆ ಬಂದರೂ ಕಥೆ ಹೆಚ್ಚು ಬೇರೆಯಿಲ್ಲ. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳು ಪರಿಸರ, ಕಾರ್ಮಿಕರು, ಆಡಳಿತದ ಬಗ್ಗೆ ವರ್ಷಕ್ಕೊಂದು ವರದಿ ಕೊಡಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ದೊಡ್ಡ ಕಂಪನಿ ತನ್ನ ವರದಿ ತುಂಬಿಸಲು ತನಗೆ ಮಾಲು ಕೊಡುವವರನ್ನು ಕೇಳುತ್ತದೆ. ಹೀಗೆ ಹತ್ತಿಪ್ಪತ್ತು ಜನ ಕೆಲಸಗಾರರಿರುವ ಒಂದು ಘಟಕಕ್ಕೂ ಕರೆಂಟ್ ಎಷ್ಟು ಸುಟ್ಟಿರಿ, ನೀರು ಎಷ್ಟು ಬಳಸಿದಿರಿ, ಕಸ ಎಲ್ಲಿಗೆ ಹೋಯಿತು ಎಂಬ ಫಾರಂ ಬರುತ್ತದೆ.

ದೋಷವಿಲ್ಲದೆ, ಪರಿಸರಕ್ಕೆ ಹಾನಿಯಿಲ್ಲದೆ ಮಾಲು ತಯಾರಿಸಲು ಉತ್ತೇಜನ ಕೊಡುವ ಕೇಂದ್ರದ ಝೆಡ್ ಯೋಜನೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಉದ್ಯಮ್ ನೋಂದಣಿ ಇರುವ ಘಟಕಗಳಿಗೆ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಹಂತದ ಪ್ರಮಾಣಪತ್ರ. ಅದರ ಖರ್ಚಿನಲ್ಲಿ ಅತಿ ಸಣ್ಣ ಘಟಕಕ್ಕೆ 80%, ಸಣ್ಣದಕ್ಕೆ 60%, ಮಧ್ಯಮಕ್ಕೆ 50% ಸಹಾಯಧನ. ಇದು ಎಷ್ಟು ಜನಕ್ಕೆ ಗೊತ್ತು? ಕೈಗಾರಿಕಾ ಸಂಘದ ಸಭೆಗೆ ಹೋಗುವವರಿಗೆ ಗೊತ್ತಿರುತ್ತದೆ. ರಾಜ್ಯ ಮಟ್ಟದಲ್ಲಿ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1916ರಲ್ಲಿ ಹುಟ್ಟುಹಾಕಿದ ಮೈಸೂರು ವಾಣಿಜ್ಯ ಮಂಡಳಿಯೇ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಎಫ್‌ಕೆಸಿಸಿಐ.

ಇಂಥ ಸಂಘಗಳಲ್ಲಿ ಸಿಗುವ ನಿಜವಾದ ಲಾಭ ಭಾಷಣ ಅಲ್ಲ, ಹೋಲಿಕೆ. ಒಂದೇ ಥರದ ಹತ್ತು ಘಟಕಗಳು ತಮ್ಮ ಕರೆಂಟ್ ಬಿಲ್ಲನ್ನು ಮಾಲಿನ ತೂಕದಿಂದ ಭಾಗಿಸಿ ಒಂದು ಹಾಳೆಯಲ್ಲಿ ಬರೆದರೆ ಸಾಕು. ಕಿಲೋಗೆ ಯಾರು ಎಷ್ಟು ಯೂನಿಟ್ ಸುಡುತ್ತಿದ್ದಾರೆ ಅಂತ ಕಾಣುತ್ತದೆ. ಕೊನೆಯಲ್ಲಿರುವವರು ಮೊದಲನೆಯವರ ಶೆಡ್ಡಿಗೆ ಹೋಗಿ ನೋಡುತ್ತಾರೆ. ಎಷ್ಟೋ ಸಲ ಅಲ್ಲಿ ಕಾಣುವುದು ಸೋರುವ ಏರ್ ಪೈಪನ್ನು ಸರಿಮಾಡಿದ್ದು, ಅಷ್ಟೇ. ಹೆಸರು ಮುಚ್ಚಿಟ್ಟು ಅಂಕಿ ಮಾತ್ರ ಹಂಚಿಕೊಂಡರೂ ಕೆಲಸ ಆಗುತ್ತದೆ. ವ್ಯಾಪಾರದ ಗುಟ್ಟು ಬಿಟ್ಟುಕೊಡಬೇಕಾಗಿಲ್ಲ.

ಸಂಘ ಎಂದರೆ ಎಲ್ಲ ಒಳ್ಳೆಯದೇ?

ಅಲ್ಲ. ಇದನ್ನು ಬಿಡಿಸಿ ಹೇಳಬೇಕು.

1984ರ ಭೋಪಾಲ್ ದುರಂತದ ನಂತರ ಜಗತ್ತಿನ ರಾಸಾಯನಿಕ ಉದ್ಯಮದ ಹೆಸರು ಕೆಟ್ಟಿತ್ತು. ಕೆನಡಾದಲ್ಲಿ ಮೊದಲು, 1988ರಲ್ಲಿ ಅಮೆರಿಕದಲ್ಲಿ, ಆ ಉದ್ಯಮದ ಸಂಘ ‘ರೆಸ್ಪಾನ್ಸಿಬಲ್ ಕೇರ್’ ಎಂಬ ಕಾರ್ಯಕ್ರಮ ತಂದಿತು. ಸದಸ್ಯರೆಲ್ಲ ಪರಿಸರ, ಸುರಕ್ಷತೆಯ ನಿಯಮ ಪಾಲಿಸುತ್ತೇವೆ ಎಂದು ಸಹಿ ಹಾಕಿದರು. 2000ದಲ್ಲಿ ಇಬ್ಬರು ಸಂಶೋಧಕರು ಅಮೆರಿಕದ ಅಂಕಿ ಅಂಶ ತೆಗೆದು ನೋಡಿದಾಗ, ಸದಸ್ಯ ಕಂಪನಿಗಳು ಸದಸ್ಯರಲ್ಲದವರಿಗಿಂತ ನಿಧಾನವಾಗಿ ಸುಧಾರಿಸುತ್ತಿದ್ದವು. ಕಾರಣ ಸರಳ. ಸಹಿ ಹಾಕಿದವರು ಮಾತು ತಪ್ಪಿದರೆ ಕೇಳುವವರು ಇರಲಿಲ್ಲ. ಸಂಘದ ಹೆಸರಿನ ನೆರಳು ಮಾತ್ರ ಎಲ್ಲರಿಗೂ ಸಿಗುತ್ತಿತ್ತು. ಆಮೇಲೆ ಹೊರಗಿನವರ ತಪಾಸಣೆಯನ್ನು ಕಡ್ಡಾಯ ಮಾಡಿದರು.

ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್ 2000ದಲ್ಲಿ ಶುರುವಾಯಿತು. 10 ತತ್ವಗಳಿಗೆ ಒಪ್ಪಿ ಕಂಪನಿಗಳು ಸೇರುತ್ತವೆ, ವರ್ಷವರ್ಷ ಪ್ರಗತಿ ವರದಿ ಕೊಡಬೇಕು. ವರದಿ ಕೊಡದ ಸಾವಿರಾರು ಕಂಪನಿಗಳನ್ನು ಅದು ಪಟ್ಟಿಯಿಂದ ತೆಗೆದಿದೆ. ಅದು ಒಳ್ಳೆಯದೇ. ಆದರೆ ಕೊಟ್ಟ ವರದಿಯಲ್ಲಿ ಬರೆದದ್ದು ನಿಜವೇ ಎಂದು ಅದು ಹೋಗಿ ನೋಡುವುದಿಲ್ಲ.

ನಮ್ಮ ಮನೆಯ ವಿಷಯಕ್ಕೇ ಬರೋಣ. ಸಂಘದ ಇನ್ನೊಂದು ಮುಖ ಎಂದರೆ ಒತ್ತಡ ಹಾಕುವುದು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳಲ್ಲಿ ಚಟುವಟಿಕೆಗಳಿಗೆ ನಿರ್ಬಂಧ ಬೇಕೆಂದ ಕಸ್ತೂರಿರಂಗನ್ ವರದಿಯನ್ನು ಬೆಳೆಗಾರರ ಸಂಘಟನೆಗಳು ವಿರೋಧಿಸಿವೆ. ಯುರೋಪಿನ ಕಾನೂನಿಗೂ ಕಾಲಾವಕಾಶ ಬೇಕು ಎಂಬ ಕೂಗು ಕಾಫಿ ವಲಯದಲ್ಲಿ ಎದ್ದಿತ್ತು. ಇದನ್ನು ಸುಮ್ನೆ ಸ್ವಾರ್ಥ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣವರ ಕಷ್ಟವನ್ನು ದಿಲ್ಲಿಗೆ ಮುಟ್ಟಿಸಲು ಬೇರೆ ಯಾರಿದ್ದಾರೆ? ಆದರೆ ನಿಯಮ ಮುಂದೂಡಿಸುವುದರಲ್ಲಿ ಗೆದ್ದ ಸಂಘ, ಸಿಕ್ಕ ಆ ವರ್ಷದಲ್ಲಿ ಎಷ್ಟು ಸದಸ್ಯರ ತೋಟದ ಗುರುತು ಮಾಡಿಸಿತು ಎಂದೂ ಕೇಳಬೇಕು. ಎರಡೂ ಮಾಡಿದ್ದರೆ ಸರಿ. ಮೊದಲನೆಯದು ಮಾತ್ರ ಮಾಡಿದ್ದರೆ ಅದು ಸಮಸ್ಯೆಯನ್ನು ಸದಸ್ಯರ ತಲೆಗೇ ಮುಂದಿನ ವರ್ಷಕ್ಕೆ ಕಟ್ಟಿದ ಹಾಗೆ.

ಹಾಗಾದರೆ ಚಂದಾ ಕಟ್ಟುವ ಮುಂಚೆ ಏನು ನೋಡಬೇಕು? ಹೋದ ವರ್ಷ ಸಂಘ ಯಾವ ಅಂಕಿ ಅಳೆಯಿತು, ಆ ಹಾಳೆ ಸದಸ್ಯರಿಗೆ ತೋರಿಸುತ್ತಾರಾ ಅಂತ ಕೇಳಿ. ಯಾರನ್ನಾದರೂ ತಪ್ಪಿಗಾಗಿ ಹೊರಗೆ ಹಾಕಿದ್ದು ಉಂಟಾ ಅಂತ ಕೇಳಿ. ಒಬ್ಬರನ್ನೂ ಹಾಕಿಲ್ಲ ಎಂದರೆ ಎಲ್ಲರೂ ಸಾಚಾ ಅಂತಲೇ ಅರ್ಥವಲ್ಲ. ವಾರ್ಷಿಕ ಸಭೆಯ ಹೂಮಾಲೆ, ಸ್ಮರಣಿಕೆಯ ಖರ್ಚು ಎಷ್ಟು, ಮಣ್ಣು ಪರೀಕ್ಷೆಗೆ ಇಟ್ಟದ್ದು ಎಷ್ಟು ಎಂದು ಲೆಕ್ಕಪತ್ರದಲ್ಲಿ ಹುಡುಕಿದರೂ ಬೇಕಾದಷ್ಟು ತಿಳಿಯುತ್ತದೆ.

ಗುಂಪು ಪ್ರಮಾಣಪತ್ರಕ್ಕೆ ಸೇರುವವರು ಇನ್ನೊಂದು ವಿಷಯ ಕೇಳಲೇಬೇಕು: ಪ್ರಮಾಣಪತ್ರ ಯಾರ ಹೆಸರಿನಲ್ಲಿರುತ್ತದೆ? ಎಷ್ಟೋ ಗುಂಪುಗಳನ್ನು ನಡೆಸುವುದು ರಫ್ತು ಕಂಪನಿಗಳೇ. ತರಬೇತಿ, ತಪಾಸಣೆ, ನಕ್ಷೆ ಎಲ್ಲದಕ್ಕೂ ಖರ್ಚು ಹಾಕುವವರು ಅವರು, ಅದು ದೊಡ್ಡ ಉಪಕಾರವೇ. ಆದರೆ ಪ್ರಮಾಣಪತ್ರ ಕಂಪನಿಯ ಹೆಸರಿನಲ್ಲಿದ್ದರೆ, ಬೆಳೆಗಾರರು ಅದೇ ಕಾಫಿಯನ್ನು ಬೇರೆಯವರಿಗೆ ಮಾರುವಾಗ ‘ಪ್ರಮಾಣಿತ’ ಎಂದು ಹೇಳಿಕೊಳ್ಳಲು ಆಗುವುದಿಲ್ಲ. ಹೆಚ್ಚಿಗೆ ಸಿಗುವ ದರ ಒಬ್ಬ ಗಿರಾಕಿಗೇ ಕಟ್ಟಿಹಾಕಿದ್ದಾಗುತ್ತದೆ. ಬೆಳೆಗಾರರ ಸಂಘವೋ ಉತ್ಪಾದಕರ ಕಂಪನಿಯೋ ಪ್ರಮಾಣಪತ್ರ ಇಟ್ಟುಕೊಂಡರೆ ಮೂರು ಕಡೆ ದರ ಕೇಳಬಹುದು. ಆದರೆ ಆಗ ತಪಾಸಣೆಯ ಫೀಸು, ನಿರ್ವಾಹಕರ ಸಂಬಳ ಸದಸ್ಯರ ಜೇಬಿನಿಂದಲೇ ಹೋಗಬೇಕು. ಕಾಫಿಗೆ ಒಳ್ಳೆಯ ಬೆಲೆ ಇರುವ ವರ್ಷ ಕೊಡಲು ಯಾರೂ ಹಿಂದೆ ಸರಿಯುವುದಿಲ್ಲ. ಬೆಲೆ ಬಿದ್ದ ವರ್ಷಕ್ಕೂ ಸಾಕಾಗುವ ಹಾಗೆ ಒಂದಿಷ್ಟು ಹಣ ಠೇವಣಿ ಇಟ್ಟಿದ್ದಾರಾ ಎಂದು ಸೇರುವ ಮೊದಲೇ ಕೇಳಿಕೊಳ್ಳಿ.